ಕುಂಕುಮ ಹಚ್ಚಿದ ಕ್ಯಾಮೆರಾ

ನಿನ್ನೆ ವಿದ್ಯಾನಗರದ ಅಂಗಡಿಯಲ್ಲಿ ಕ್ಯಾಮೆರಾ ಆರಿಸುವಾಗ ಹೊಸ ಚರ್ಮದ ಚೀಲದ ವಾಸನೆ ಬಂತು. ಆಮೇಲೆ ಅಂಗಡಿಯವನು ಹೇಳಿದ್ದೊಂದೂ ನನಗೆ ಕೇಳಿಸಲಿಲ್ಲ.

ಅಪ್ಪನ ಕ್ಯಾಮೆರಾ ಚೀಲಕ್ಕೂ ಅದೇ ವಾಸನೆಯಿತ್ತು. ನನ್ನ ಚಿಕ್ಕಂದಿನಲ್ಲಿ, ಶಾಲೆಯಲ್ಲಿ ಕಲಿಸುತ್ತಿದ್ದ ಅವ್ವನಿಗೆ ಬೀದರದ ಕಡೆ ವರ್ಗವಾಗಿತ್ತು. ಹಾಸಿಗೆಯ ಪಕ್ಕ ಇಟ್ಟುಕೊಳ್ಳಲು ಅವಳ ಫೋಟೋ ಬೇಕೆಂದು ನಾನು ಹಟ ಹಿಡಿದಿದ್ದೆ. ಅಪ್ಪ ಕ್ಯಾಮೆರಾ ತಂದ. ಜೊತೆಗೆ ಬಂದ ಪುಸ್ತಿಕೆಯನ್ನು ಮಡಿಯುಟ್ಟು ಪಾರಾಯಣ ಮಾಡುವವರ ಶ್ರದ್ಧೆಯಿಂದ ಓದಿದ. ದಸರೆಯ ಖಂಡೆ ಪೂಜೆಯ ದಿನ ಅಜ್ಜಿ ಈಳಿಗೆಯಿಂದ ಸೈಕಲ್ಲಿನವರೆಗೆ ಎಲ್ಲಕ್ಕೂ ಕುಂಕುಮ ಹಚ್ಚಿದಳು. ಕ್ಯಾಮೆರಾವನ್ನೂ ಬಿಡಲಿಲ್ಲ.

ಮರುದಿನ ಮಧ್ಯಾಹ್ನ ಅವ್ವ ಅಂಗಳದಲ್ಲಿ ಟ್ರಂಕಿನ ಪಕ್ಕ ನಿಂತಳು.

"ಬಿಸಲು ನನ್ನ ಬೆನ್ನಿಗಿರಬೇಕು. ನೀ ಅಲ್ಲಾಡಬ್ಯಾಡ, ಉಸರು ಹಿಡಿ," ಎಂದ ಅಪ್ಪ.

"ಲಗೂ ತಗೀರಿ, ಬಸ್ಸು ಹೋಗ್ತೈತಿ," ಎಂದ ಅವ್ವ ನನ್ನತ್ತ ನೋಡಿ ನಕ್ಕಳು. ಅಪ್ಪ ಕ್ಯಾಮೆರಾದ ಮೇಲಿನ ಕಿಂಡಿಯಲ್ಲಿ ಇಣುಕಿ ಗುಂಡಿ ಒತ್ತಿದ.

ರೀಲು ತೊಳೆಸಿ ತಂದಾಗ ಅವ್ವನ ಮುಖವಿರಬೇಕಾದಲ್ಲಿ ಬರೀ ಕೆಂಪು ಮಂಜು. ಅಪ್ಪ ಇಣುಕಿದ ಕಿಂಡಿ ಬೇರೆ, ಚಿತ್ರ ಹಿಡಿಯುವ ಗಾಜು ಬೇರೆ. ಕುಂಕುಮ ಗಾಜಿನ ಮೇಲಿತ್ತು.

"ಅದರ ಹಣಿ ಎಲ್ಲೈತೋ ತಿಳೀಲಿಲ್ಲಪಾ, ಕಣ್ಣಿಗೇ ಹಚ್ಚಿಬಿಟ್ಟೆ," ಎಂದಳು ಅಜ್ಜಿ.

ಪುಸ್ತಿಕೆಯಲ್ಲಿ ಈ ವಿಷಯವೇ ಇಲ್ಲವೆಂದು ಅಪ್ಪ ತೀರ್ಪು ಕೊಡುವವನಂತೆ ಸಾರಿದ.

ನಾನು ದಿನಾ ಶಾಲೆಯಿಂದ ಬಂದು, ಕೈಕಾಲು ತೊಳೆಯುವುದಕ್ಕೂ ಮೊದಲು, ಆ ಫೋಟೋವನ್ನು ಅಂಗಿಯ ತುದಿಯಿಂದ ಮೆಲ್ಲಗೆ ಒರೆಸುತ್ತಿದ್ದೆ.