ಅಪನಂಬಿಕೆಯ ಪಾಠ

"ಒಬ್ಬನ ಮೇಲೆ ನಂಬಿಕೆ ಹೋಯ್ತು ಅಂತ ಇಂಗ್ಲಿಷ್‌ನಲ್ಲಿ ಹೆಂಗೆ ಹೇಳೋದು ಮೇಷ್ಟ್ರೇ?" ರೌಡಿ ಕೇಳಿದ.

ಮೇಷ್ಟ್ರನ್ನೂ ನಂಬದ ಆಸಾಮಿ, ಪಾಠ ಶುರುವಾದ ದಿನದಿಂದಲೂ ಮಚ್ಚು ಹಿಡಿದ ತನ್ನ ಹುಡುಗ ದ್ಯಾವನನ್ನು ಅವರ ಬೆನ್ನ ಹಿಂದೆಯೇ ನಿಲ್ಲಿಸುತ್ತಿದ್ದ.

"ಐ ಡೋಂಟ್ ಟ್ರಸ್ಟ್ ಹಿಮ್, ಅನ್ನಬೇಕು."

ತನ್ನ ಹುಡುಗರಿಗೆ ತಿಳಿಯದ ಹಾಗೆ ಮಾತಾಡಲೆಂದೇ ಇಂಗ್ಲಿಷ್ ಕಲಿಯುತ್ತಿದ್ದ ರೌಡಿ, ನಗುನಗುತ್ತಲೇ ತಮ್ಮನಿಗೆ ಫೋನ್ ಮಾಡಿದ. "ಬಿಹೈಂಡ್ ಟೀಚರ್, ಒನ್ ಮ್ಯಾನ್. ಐ ಡೋಂಟ್ ಟ್ರಸ್ಟ್ ಹಿಮ್. ಟುಡೇ ಫಿನಿಷ್."

ಮಚ್ಚು ಮೇಷ್ಟ್ರ ಕಿವಿಯ ಪಕ್ಕದಲ್ಲೇ ಹಾದು ರೌಡಿಯ ಕುತ್ತಿಗೆಗೆ ಬಿತ್ತು. ಮೇಷ್ಟ್ರ ಬಿಳಿ ಅಂಗಿಯೆಲ್ಲ ರಕ್ತವಾಯಿತು.

"ಚೆನ್ನಾಗಿ ಹೇಳ್ಕೊಡ್ತೀರಾ ಮೇಷ್ಟ್ರೇ," ಎಂದ ದ್ಯಾವ. "ಹಿಂದೆ ನಿಂತೋನಿಗೂ ಅರ್ಥ ಆಗುತ್ತೆ."