ಗುರುಮಲ್ಲು ಕಾದ ಭಾನುವಾರಗಳು

ಲೋಹಿತ್ ನಮ್ಮ ಆಫೀಸಿನವನು. ನಲವತ್ಮೂರು ವರ್ಷ. ಹೋದ ವರ್ಷವಷ್ಟೇ ಹಾಸನದಿಂದ ವರ್ಗವಾಗಿ ತನ್ನೂರು ಮೈಸೂರಿಗೆ ಬಂದ.

ಅವನು ಹೇಳಿದ್ದನ್ನು, ಅವನನ್ನು ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ...

ಒಂದು ಕಾಲದಲ್ಲಿ ಲೋಹಿತ್ ರಗ್ಬಿ ಆಡುತ್ತಿದ್ದ. ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವುದು, ಓಡುವವನನ್ನು ತಬ್ಬಿ ಹಿಡಿದು ನೆಲಕ್ಕೆ ಕೆಡವುವುದು... ಅದೇ ಆಟ.

ಹೆಸರು ಬರುವ ಆಟವಲ್ಲ, ನೋಡುವವರೂ ಇಲ್ಲ. ಭಾನುವಾರ ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ಒಂದಿಪ್ಪತ್ತು ಜನ ಸೇರಿ ಮೈಯೆಲ್ಲ ಮಣ್ಣು ಮಾಡಿಕೊಳ್ಳುವುದು, ಅಷ್ಟೇ.

ಜೊತೆಗೆ ಜೀವದ ಗೆಳೆಯ ಗುರುಮಲ್ಲು.

ಆಟ ಮುಗಿದರೆ ಇಬ್ಬರೂ ಸೀದಾ ಗುರುಮಲ್ಲುವಿನ ಮನೆಗೆ. ಅವನ ಅವ್ವ ಪುಟ್ಟನಂಜಮ್ಮ ಬಿಸಿ ಮುದ್ದೆ, ಹುರುಳಿಕಟ್ಟಿನ ಸಾರು ಮಾಡಿಟ್ಟಿರುತ್ತಿದ್ದರು. "ಸರ್ಯಾಗ್ ಉಣ್ಣಪ್ಪ" ಅನ್ನುತ್ತಾ ಲೋಹಿತ್‌ನ ತಟ್ಟೆಗೇ ಮೊದಲು ಬಡಿಸುತ್ತಿದ್ದರು.

ಹದಿನಾರು ವರ್ಷದ ಹಿಂದಿನ ಒಂದು ಭಾನುವಾರ... ಪ್ರಾಕ್ಟೀಸ್ ಮ್ಯಾಚ್. ಗುರುಮಲ್ಲು ಎದುರು ತಂಡದಲ್ಲಿದ್ದ.

ಚೆಂಡು ಹಿಡಿದು ನುಗ್ಗಿ ಬಂದ ಗೆಳೆಯನ ಸೊಂಟಕ್ಕೆ ಕೈ ಹಾಕಿ ಲೋಹಿತ್ ಕೆಡವಿದ. ಹಿಂದೆ ನೂರು ಸಲ ಹೀಗೆಯೇ ಕೆಡವಿದ್ದ.

ಆ ಸಲ ಗುರುಮಲ್ಲು ಏಳಲಿಲ್ಲ.

ಬೆನ್ನುಹುರಿಗೆ ಪೆಟ್ಟು. ಇನ್ನು ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ ಅಂದರು ಡಾಕ್ಟರ್.

ಲೋಹಿತ್ ಆಸ್ಪತ್ರೆಗೆ ಹೋದ. ವಾರ್ಡಿನ ಬಾಗಿಲವರೆಗೂ ಹೋದ.

ಒಳಗೆ ಪುಟ್ಟನಂಜಮ್ಮ ಮಗನ ಕಾಲು ಒತ್ತುತ್ತಾ ಕೂತಿದ್ದರು. "ಗೊತ್ತಾಯ್ತದೇನಪ್ಪ? ಇಲ್ಲಿ...? ಇಲ್ಲಿ...?"

ಲೋಹಿತ್‌ಗೆ ಒಳಗೆ ಕಾಲಿಡಲು ಆಗಲಿಲ್ಲ. ತಿರುಗಿ ಬಂದುಬಿಟ್ಟ.

ಆಮೇಲೆ ಗುರುಮಲ್ಲು ಎಷ್ಟೋ ಸಲ ಫೋನ್ ಮಾಡಿದ. ಇವನು ಎತ್ತಲಿಲ್ಲ. ಬೂಟು ಗುಜರಿಗೆ ಹಾಕಿದ. ನಂಬರ್ ಬದಲಾಯಿಸಿದ. ಕೊನೆಗೆ ಊರನ್ನೇ ಬಿಟ್ಟ...

ಮೊನ್ನೆ ಮೊನ್ನೆ ಸಂತೇಪೇಟೆಯಲ್ಲಿ ಹಳೇ ಟೀಮಿನವನೊಬ್ಬ ಸಿಕ್ಕಿ ನಂಬರ್ ಇಸಕೊಂಡ. ಮರುದಿನವೇ ಫೋನ್. ಅದೇ ಕಾಲೇಜು ಮೈದಾನದಲ್ಲಿ ನಲವತ್ತು ದಾಟಿದವರದ್ದೊಂದು ಮ್ಯಾಚ್ ಇದೆ, ಒಬ್ಬ ಕಮ್ಮಿ, ಬಾ ಅಂತ.

ಆಗಲ್ಲ ಅಂದ ಲೋಹಿತ್.

ಪಕ್ಕದಲ್ಲೇ ಇದ್ದ ಹೆಂಡತಿ ಶಶಿಕಲಾ ಮೆಲ್ಲಗೆ ಹೇಳಿದಳು. "ಮದುವೆ ಆದಾಗಿಂದ ನೋಡ್ತಿದೀನಿ, ನಿದ್ದೇಲಿ ಗುರು, ಗುರು ಅಂತ ಕನವರಿಸ್ತೀರ. ಒಂದ್ಸಲ ಹೋಗ್ಬನ್ನಿ. ಆಡದೇ ಇದ್ರೂ ಪರವಾಗಿಲ್ಲ."

ಹೋದ. ಅವನಿಗಿದ್ದದ್ದು ಒಂದೇ ಧೈರ್ಯ... ಕಾಲು ಕಳಕೊಂಡ ಜಾಗಕ್ಕೆ ಗುರುಮಲ್ಲು ಯಾಕೆ ಬರುತ್ತಾನೆ?

ಆದರೆ ಮೈದಾನದ ಅಂಚಿನ ಹೊಂಗೆ ಮರದ ಕೆಳಗೆ ಒಂದು ವೀಲ್‌ಚೇರ್ ಇತ್ತು. ಅದರಲ್ಲಿ ಗುರುಮಲ್ಲು. ಕೊರಳಲ್ಲಿ ವಿಸಲ್. ತಲೆ ಅರ್ಧ ಬೆಳ್ಳಗಾಗಿತ್ತು.

ಲೋಹಿತ್ ಸದ್ದಿಲ್ಲದೆ ಸ್ಕೂಟರಿನ ಕಡೆ ತಿರುಗಿದ.

"ಏನ್ಲಾ... ಇವತ್ತೂ ಬಾಗ್ಲಲ್ಲೇ ನಿಂತು ಹೊಂಟೋಯ್ತೀಯ?"

ಲೋಹಿತ್‌ನ ಕಾಲು ಅಲ್ಲೇ ನಿಂತವು. "ಅವತ್ತು... ನನ್ನ ನೋಡಿದ್ಯಾ?"

"ನೋಡ್ದೆ ಕಣ್ಲಾ. ನೀನು ನೀಲಿ ಸರ್ಟು ಹಾಕಿದ್ದೆ. ಈಗ ಬತ್ತಾನೆ, ಈಗ ಬತ್ತಾನೆ ಅಂತ ಬಾಗ್ಲನ್ನೇ ನೋಡ್ತಾ ಮನಗಿದ್ದೆ."

"ಯಾವ ಮುಖ ಇಟ್ಕೊಂಡು ಬರಲಿ ಗುರು? ನಿನ್ನ ಕಾಲು ತೆಗ್ದವನೇ ನಾನು..."

ಗುರುಮಲ್ಲು ವೀಲ್‌ಚೇರನ್ನು ಅವನತ್ತ ತಿರುಗಿಸಿದ.

"ಕಾಲು ಹೋದದ್ದು ಆಟದಲ್ಲಿ. ನೀನು ಬೇಕು ಅಂತ ಬೀಳಿಸ್ಲಿಲ್ಲ, ನಂಗೊತ್ತು. ಆದ್ರೆ ನನ್ನ ಬಿಟ್ಟು ಹೋದ್ಯಲ್ಲ... ಅದು ಬೇಕು ಅಂತ್ಲೇ ಹೋದೆ."

ಲೋಹಿತ್ ತಲೆ ತಗ್ಗಿಸಿದ.

"ಪ್ರತಿ ಭಾನುವಾರ ಆಟೋ ಮಾಡ್ಕೊಂಡು ಬತ್ತೀನಿ ಕಣ್ಲಾ. ಹುಡುಗ್ರಿಗೆ ಆಟ ಹೇಳ್ಕೊಡಾಕೆ ಅಂತ ಎಲ್ರಿಗೂ ಹೇಳ್ತೀನಿ. ನಿಜ ಏನ್ ಗೊತ್ತಾ...? ನೀನು ಬಂದ್ರೆ ಇಲ್ಲಿಗೇ ಬರ್ಬೇಕು ಅಂತ."

ಕಣ್ಣು ಒರೆಸಿಕೊಂಡು ಗದರಿದ. "ಹೋಗು. ಯಾರ್ದಾದ್ರೂ ಬೂಟು ಇಸ್ಕೊಂಡು ಹಾಕ್ಕೊ."

ಲೋಹಿತ್ ಆಡಿದ. ಓಡಿದ, ಚೆಂಡು ಪಾಸ್ ಮಾಡಿದ. ಆದರೆ ಎದುರಿಗೆ ಯಾರಾದರೂ ಚೆಂಡು ಹಿಡಿದು ಬಂದರೆ ಸಾಕು, ಕೈ ತಾನಾಗಿಯೇ ಹಿಂದಕ್ಕೆ ಬರುತ್ತಿತ್ತು. ಮೂರು ಸಲ ಹೀಗಾಯಿತು.

"ಹಿಡೀಲಾ!" ಅಂತ ಮರದಡಿಯಿಂದ ಕೂಗು.

ನಾಲ್ಕನೇ ಸಲ ಕಣ್ಣು ಮುಚ್ಚಿ ಹಿಡಿದ. ಇಬ್ಬರೂ ದೊಪ್ಪೆಂದು ಬಿದ್ದರು. ಲೋಹಿತ್ ಕಣ್ಣು ಬಿಟ್ಟು ಅವನ ಕಾಲನ್ನೇ ನೋಡಿದ...

ಬಿದ್ದವನು ಹೊಟ್ಟೆಯ ಮಣ್ಣು ಕೊಡವಿಕೊಂಡು ಎದ್ದ. "ಏನೂ ಆಗಿಲ್ಲ ಸಾರ್, ಏಳಿ" ಅಂದ.

ಏಳಲಾಗದವನು ಲೋಹಿತ್. ನೆಲಕ್ಕೆ ಮುಖ ಒತ್ತಿ ಅತ್ತ... ಹದಿನಾರು ವರ್ಷದ ಅಳು.

ತಂಡ ಸೋತಿತು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಆಟ ಮುಗಿದ ಮೇಲೆ ಗೆಳೆಯನ ವೀಲ್‌ಚೇರ್ ತಳ್ಳುತ್ತಾ ಲೋಹಿತ್ ಕೇಳಿದ. "ಅವ್ವ ಹೆಂಗವ್ರೆ? ನಡಿ, ಮನೆಗೆ ಹೋಗಣ. ಮೊದ್ಲು ಅವ್ರ ಕಾಲಿಗೆ ಬೀಳ್ಬೇಕು."

ಗುರುಮಲ್ಲು ತಿರುಗಿ ನೋಡಲಿಲ್ಲ. "ಅವ್ವ ಹೋಗಿ ಮೂರು ವರ್ಸ ಆಯ್ತು."

ವೀಲ್‌ಚೇರ್ ನಿಂತಿತು.

"ಒಂದಿನಾನೂ ನಿನ್ನ ಬಯ್ಲಿಲ್ಲ ಕಣ್ಲಾ. 'ಆ ಮಗ ಎಲ್ಲೋ ಒಬ್ನೇ ಕುಂತು ಅಳ್ತಾ ಇರ್ತದೆ, ಹೋಗಿ ಕರ್ಕೊಂಡ್ ಬಾ' ಅಂತಿದ್ಲು. ನಾನ್ ಎಲ್ಲಿ ಅಂತ ಹುಡುಕ್ಲಿ... ನಡೆಯಾಕೆ ಆಗಲ್ವಲ್ಲ ನಂಗೆ."

ಆ ಮನೆಯಲ್ಲಿ ಪುಟ್ಟನಂಜಮ್ಮನ ಫೋಟೋದ ಕೆಳಗೆ ಲೋಹಿತ್ ನೆಲಕ್ಕೆ ಹಣೆ ಹಚ್ಚಿದವನು ಬಹಳ ಹೊತ್ತು ಏಳಲಿಲ್ಲವಂತೆ.

"ಅವ್ವ ಬೈದಿದ್ರೆ ಚೆನ್ನಾಗಿತ್ತು" ಅಂದ ನನ್ನ ಹತ್ತಿರ. "ಬೈಸ್ಕೊಳ್ಳೋಕಾದ್ರೂ ನಾನು ಹೋಗ್ಬೇಕಿತ್ತು..."

ತಪ್ಪಿತಸ್ಥರೆಂದು ನಾವು ದೂರ ಓಡಿದರೆ, ನೊಂದವರನ್ನು ಎರಡನೇ ಸಲ ನೋಯಿಸುತ್ತೇವೆ.

ಮುಖ ತೋರಿಸಲಾಗದೆ ನೀವು ಬಿಟ್ಟು ಬಂದವರು ಯಾರಾದರೂ ಇದ್ದಾರೆಯೇ...? ಅವರು ಇರುವಾಗಲೇ ಒಮ್ಮೆ ಹೋಗಿಬರಬಾರದೇ?