ಮಬ್ರೂಕಾ ಬಳಿದ ಸುಣ್ಣ

ಮಕ್ಕಳು ಕಪ್ಪು ಪೇಂಟಿನಲ್ಲಿ ಬರೆದಿದ್ದ ಘೋಷಣೆಯ ಮೇಲೆ ಹೆತ್ತ ತಾಯಿಯೇ ಸುಣ್ಣ ಬಳಿಯುತ್ತಿದ್ದಳು. ಅದೂ ಹಾಡಹಗಲಲ್ಲಿ, ಮಾರುಕಟ್ಟೆಯ ಎದುರು, ಊರೆಲ್ಲ ನೋಡುವಾಗ.

"ಥೂ! ಗಂಡ ಗಣೀಲಿ ಸತ್ತಿದ್ದೂ ಮರ್ತುಬಿಟ್ಲಲ್ಲ," ಎಂದ ಸೊಪ್ಪು ಮಾರುವ ಖಮೀಸ್, ಅವಳಿಗೆ ಕೇಳುವ ಹಾಗೆ.

ಮಬ್ರೂಕಾ ತಿರುಗಿ ನೋಡಲಿಲ್ಲ. ಮಗ ಅದ್ನಾನ್ ಲಾಕಪ್ಪಿನಲ್ಲಿ ಕೊಳೆಯತೊಡಗಿ ಇಪ್ಪತ್ತು ದಿನವಾಗಿತ್ತು. ಮಂತ್ರಿ ಬರುವುದರೊಳಗೆ ಈ ಫಾಸ್ಫೇಟ್ ಗಣಿಯೂರಿನ ಗೋಡೆಗಳೆಲ್ಲ ಬೆಳ್ಳಗಾಗಬೇಕು, ಅದೂ ಅವಳ ಕೈಯಿಂದಲೇ. ಹಾಗಾದರೆ ಮಾತ್ರ ಮಗನ ಬಿಡುಗಡೆ. ಇನ್‌ಸ್ಪೆಕ್ಟರ್ ಲುತ್ಫಿಯ ಷರತ್ತು ಅದು. ತಾಯಿಯೇ ಅಳಿಸಿದರೆ ಮಿಕ್ಕ ಪುಂಡರಿಗೂ ಬುದ್ಧಿ ಬರುತ್ತದೆಂದು ಅವನ ಎಣಿಕೆ. ಸುಣ್ಣ, ಉಪ್ಪು, ಕುಂಚ, ಏಣಿ ಎಲ್ಲ ಠಾಣೆಯಿಂದಲೇ ಬಂದವು. ಕಲೆಸುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪ್ರತಿ ರಂಜಾನಿಗೆ ಮುಂಚೆ ಅರ್ಧ ಓಣಿಯ ಮನೆಗಳಿಗೆ ಸುಣ್ಣ ಹೊಡೆಯುವವಳು ಅವಳೇ.

ಸಂಜೆ ಮನೆಯಲ್ಲಿ ಅವಳು ನಿಂಬೆಹಣ್ಣು ಸೀಳಿ ಉಪ್ಪು ತುಂಬಿ ಜಾಡಿಗೆ ಒತ್ತುತ್ತಿದ್ದಳು. ಮಗಳು ನಝೀಹಾ ಬಾಗಿಲಲ್ಲೇ ನಿಂತಳು.

"ಪೊಲೀಸ್ರ ಉಪ್ಪು ಮನೇವರೆಗೂ ಬಂತಾ ಅಮ್ಮಾ?"

"ಹೂಂ. ಮಿಕ್ಕಿತ್ತು, ತಗೊಂಡ್ಬಂದೆ."

"ನಾಚ್ಕೆ ಆಗಲ್ವಾ ನಿಂಗೆ? ಅಪ್ಪ ಇದ್ದಿದ್ರೆ..."

"ನಿಮ್ಮಪ್ಪ ಇದ್ದಿದ್ರೆ ಏಣಿ ಹಿಡ್ಕೊಳ್ತಿದ್ರು."

ನಝೀಹಾ ಊಟಕ್ಕೆ ಬಡಿಸಿಟ್ಟಿದ್ದ ಕುಸ್ಕುಸ್ ತಟ್ಟೆಯನ್ನು ತಳ್ಳಿ ಹೊರಟುಹೋದಳು. ಮಬ್ರೂಕಾ ಇನ್ನೊಂದು ನಿಂಬೆ ಸೀಳಿದಳು.

ಮಂತ್ರಿ ಬರುವ ಹಿಂದಿನ ದಿನ ಲುತ್ಫಿ ಬೀದಿ ಬೀದಿ ಸುತ್ತಿ ನೋಡಿದ. ಹುಡುಕಿದರೂ ಒಂದು ಕಪ್ಪು ಚುಕ್ಕೆಯಿಲ್ಲ.

"ಭೇಷ್ ಕಣಮ್ಮ! ಇನ್ಮೇಲೆ ನೀನು ನಮ್ಮವಳು."

"ಮಗನ್ನ ಈಗ್ಲೇ ಬಿಡಿ ಸಾಹೇಬ್ರೆ. ಇನ್ನೊಂದ್ಮಾತು. ಬೆಳಗಾಗೋದ್ರೊಳಗೆ ಗಣಿ ಧೂಳು ಗೋಡೆ ಮೇಲೆ ಕೂತ್ಬಿಡತ್ತೆ. ಮಂತ್ರಿಗಳ ಕಾರಿನ ಮುಂದೆ ನೀರಿನ ಟ್ಯಾಂಕರ್ ಬಿಡಿ, ಗೋಡೆಗೂ ಜೋರಾಗಿ ಹೊಡೆಸಿ. ಫಳಫಳ ಅನ್ನತ್ತೆ."

"ತಲೆ ಅಂದ್ರೆ ಇದು ನೋಡ್ರಯ್ಯಾ!" ಎಂದು ಲುತ್ಫಿ ಪೇದೆಗಳ ಕಡೆ ತಿರುಗಿ ನಕ್ಕ.

ಅದ್ನಾನ್‌ಗೆ ಬಿಡುಗಡೆಯಾಯಿತು. ಅಂದು ಮಧ್ಯಾಹ್ನವೇ ಅವಳು ಆಣೆ ಹಾಕಿ ಮಕ್ಕಳಿಬ್ಬರನ್ನೂ ಬಸ್ಸು ಹತ್ತಿಸಿದಳು, ಗಡಿಯಾಚೆ ಅಲ್ಜೀರಿಯಾದಲ್ಲಿರುವ ಅವರ ಸೋದರತ್ತೆಯ ಮನೆಗೆ. ತುಟಿ ಒಡೆದಿದ್ದ ಅದ್ನಾನ್ ತಾಯಿಯ ಮುಖ ನೋಡಲೇ ಇಲ್ಲ.

"ನೀನು ನಮ್ಮಮ್ಮ ಅಂತ ಇನ್ನು ಎಲ್ಲೂ ಹೇಳ್ಕೊಳಲ್ಲ," ಎಂದಳು ನಝೀಹಾ, ಕಿಟಕಿಯಿಂದ.

"ಹೇಳ್ಕೋಬೇಡ. ಅದೇ ಒಳ್ಳೇದು."

ಬಸ್ಸು ಕಣ್ಮರೆಯಾದ ಮೇಲೆ ಅವಳು ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಹತ್ತು ಗಂಟೆಗೆ ಟ್ಯಾಂಕರ್ ಮುಂದೆ, ಮಂತ್ರಿಯ ಕಾರು ಹಿಂದೆ. ನೀರು ಗೋಡೆಗೆ ಅಪ್ಪಳಿಸಿತು. ಚರಂಡಿಯಲ್ಲಿ ಹಾಲಿನಂಥ ನೀರು ಹರಿಯತೊಡಗಿತು. ಖಮೀಸ್ ಸೊಪ್ಪಿನ ಕಟ್ಟು ಹಿಡಿದವನು ಹಾಗೇ ನಿಂತುಬಿಟ್ಟ. ಕಾರು ಚೌಕ ಮುಟ್ಟುವಷ್ಟರಲ್ಲಿ ಎರಡೂ ಕಡೆಯ ಗೋಡೆಗಳ ಮೇಲೆ ಆಳೆತ್ತರದ ಕಪ್ಪು ಅಕ್ಷರಗಳು ಎದ್ದುಬಂದಿದ್ದವು: ಗಣಿ ನಮ್ಮದು, ಕೆಲಸವೂ ನಮಗೇ.

ಲುತ್ಫಿ ಬಾಗಿಲು ಒದ್ದು ನುಗ್ಗಿದಾಗ ಮಬ್ರೂಕಾ ಚಪ್ಪಲಿ ಮೆಟ್ಟಿ, ಶಾಲು ಹೊದ್ದು, ಕಾಯುತ್ತ ಕುಳಿತಿದ್ದಳು.

ಅವಳ ಹಿಂದೆ ಸೂರಿನವರೆಗೂ ನಿಂಬೆಯ ಜಾಡಿಗಳು. ಸುಣ್ಣ ಗೋಡೆಗೆ ಕಚ್ಚಿಕೊಳ್ಳಲೆಂದು ಠಾಣೆಯವರು ಕೊಟ್ಟ ಉಪ್ಪಷ್ಟೂ, ಒಂದು ಹರಳೂ ಬಿಡದೆ, ಅವುಗಳಲ್ಲೇ ಇತ್ತು.